1 ತಿಮೊಥೆ 6: ಹಣದಾಸೆಯ ಪಾಠ ಎಲ್ಲಿಂದ ಶುರು ಮಾಡಲಿ?

ಭಾನುವಾರದ ಪಾಠ
ಈ ಚರ್ಚಾವೇದಿಕೆಯ ಎಲ್ಲರಿಗೂ ವಂದನೆ. ಹಿರಿಯರ ಸತ್ಯವೇದ ತರಗತಿಗೆ 1 ತಿಮೊಥೆ, ಅಂದರೆ ಪೌಲನು ತಿಮೊಥೆಗೆ ಬರೆದ ಮೊದಲ ಪತ್ರದ 6:6ರಿಂದ 19ರ ತನಕ ಪಾಠ ಮಾಡಬೇಕು. ಮೂರು ಭಾನುವಾರ, ಒಂದೊಂದಕ್ಕೆ 40 ನಿಮಿಷ. ಬರುವವರಲ್ಲಿ ಬ್ಯಾಂಕಿನವರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ನಿವೃತ್ತ ಮೇಷ್ಟ್ರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಸಭೆಯ ಖಜಾಂಚಿ ಎಲ್ಲರೂ ಇದ್ದಾರೆ. "ದುಡ್ಡು ಕೆಟ್ಟದ್ದು, ಆಸೆ ಬಿಡಿ" ಎಂದು ಹೇಳಿ ಪ್ರಾರ್ಥನೆ ಮಾಡಿ ಎದ್ದರೆ ಯಾರಿಗೂ ಏನೂ ದಕ್ಕುವುದಿಲ್ಲ. ಅವರು ಕೇಳುವ ಪ್ರಶ್ನೆಗಳೇ ಬೇರೆ. ದಶಮಾಂಶ, ಅಂದರೆ ಗಳಿಕೆಯ ಹತ್ತನೇ ಪಾಲಿನ ಕಾಣಿಕೆ, ಕೈಗೆ ಬಂದ ಸಂಬಳದ ಮೇಲೋ, ಕಡಿತಕ್ಕೆ ಮೊದಲಿನದರ ಮೇಲೋ? ಸಾಲ ಇದ್ದಾಗ ಕೊಡಬೇಕೋ? ಕೂಡಿಡುವುದು ಪಾಪವೋ? ತಿಳಿದವರು ಹೇಳಿ.

ಮೂಲಭಾಷೆ
ಮೊದಲು ವಾಕ್ಯ ಸರಿಯಾಗಿ ಓದಿಸಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಎಲ್ಲಾ ಬಗೆಯ ಕೇಡಿಗೆ ಬೇರು ಎಂದು 10ನೇ ವಚನ ಹೇಳುವುದು "ಹಣ"ವನ್ನಲ್ಲ, "ಹಣದಾಸೆ"ಯನ್ನು. ಗ್ರೀಕಿನಲ್ಲಿ ಫಿಲಾರ್ಗುರಿಯ: ಫಿಲೋಸ್ ಅಂದರೆ ಪ್ರೀತಿಸುವವ, ಆರ್ಗುರೋಸ್ ಅಂದರೆ ಬೆಳ್ಳಿ. ಬೆಳ್ಳಿಯ ಮೋಹ. ಲೂಕ 16:14ರಲ್ಲಿ ಫರಿಸಾಯರೆಂಬ ಯೆಹೂದ್ಯ ಪಂಥದವರನ್ನು ಕರೆದದ್ದೂ ಇದೇ ಮೂಲದ ಪದದಿಂದ. 1 ತಿಮೊಥೆ 3:3ರಲ್ಲಿ ಸಭಾಧ್ಯಕ್ಷನಿಗೆ ಇರಬಾರದು ಎಂದದ್ದೂ ಇದೇ ಗುಣ.

9ನೇ ವಚನ ಇನ್ನೂ ಚುರುಕು. ಪೌಲನು ಇಲ್ಲಿ ಐಶ್ವರ್ಯವಂತರ ಮಾತು ಎತ್ತುವುದೇ ಇಲ್ಲ, "ಐಶ್ವರ್ಯವಂತರಾಗಬೇಕೆಂದು ಮನಸ್ಸು ಮಾಡಿದವರು" ಎನ್ನುತ್ತಾನೆ. ಜೇಬು ಖಾಲಿ ಇರುವವನೂ ಈ ಪಟ್ಟಿಯಲ್ಲಿ ಬರಬಹುದು. ಅವರನ್ನು "ಮುಳುಗಿಸುತ್ತದೆ" ಅನ್ನಲು ಬಳಸಿದ ಕ್ರಿಯಾಪದ ಲೂಕ 5:7ರಲ್ಲೂ ಬರುತ್ತದೆ. ಅಲ್ಲಿ ಪೇತ್ರನ ಮತ್ತು ಅವನ ಜೊತೆಗಾರರ ದೋಣಿಗಳು ಮುಳುಗುವ ಹಾಗಾಗುವುದು ಮೀನು ಸಿಗದೆ ಅಲ್ಲ, ಮೀನು ಹೆಚ್ಚಾಗಿ. ತರಗತಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ, ವ್ಯಾಖ್ಯಾನವೇ ಬೇಡ.

10ರ ಕೊನೆಯಲ್ಲಿ "ತಮ್ಮನ್ನು ತಾವೇ ತಿವಿದುಕೊಂಡರು" ಎಂದಿದೆ. ಚುಚ್ಚಿದ ಕೈ ಅವರದೇ.

8ನೇ ವಚನದ "ಅನ್ನವಸ್ತ್ರ"ದಲ್ಲಿ ವಸ್ತ್ರಕ್ಕಿರುವ ಮೂಲಪದದ ಅರ್ಥ "ಹೊದಿಕೆ". ಅದರೊಳಗೆ ತಲೆ ಮೇಲಿನ ಸೂರನ್ನೂ ಸೇರಿಸಿ ಓದುವವರಿದ್ದಾರೆ. ಬಾಡಿಗೆ ಮನೆಯವರು ನಿಮ್ಮ ತರಗತಿಯಲ್ಲಿದ್ದರೆ ಇದು ಸಣ್ಣ ವಿಷಯವಲ್ಲ.

ಸಂಶಯಿ
ಒಂದು ತಕರಾರು. "ಇದ್ದುದರಲ್ಲಿ ತೃಪ್ತರಾಗಿರಿ" ಎಂದು ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಬೋಧಿಸುವುದು ಅವಳ ಮಾಲೀಕನಿಗೆ ಅನುಕೂಲವಲ್ಲವೇ? ಓವರ್‌ಟೈಮ್ ದುಡ್ಡು ಕೇಳುವುದು ಹಣದಾಸೆಯೇ?

ಮಲೆನಾಡ ಮಳೆ
ಅಲ್ಲ. ಕೂಲಿ ಕೇಳುವುದು ಆಸೆಯಲ್ಲ, ಕೂಲಿ ತಡೆಹಿಡಿಯುವುದು ಆಸೆ. ಯಾಕೋಬ 5:4ರಲ್ಲಿ ಕೂಗುವುದು ಆಳುಗಳು ಮಾತ್ರವಲ್ಲ, ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಯಾಜಕಕಾಂಡ 19:13 ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು ಎನ್ನುತ್ತದೆ. ಧರ್ಮೋಪದೇಶಕಾಂಡ 24:15 ಸೂರ್ಯ ಮುಳುಗುವುದರೊಳಗೆ ಕೊಡು ಎನ್ನುತ್ತದೆ.

ಆದ್ದರಿಂದ ಪಾಠದ ಮೊದಲ ಕೆಲಸ ಹೀಗಿರಲಿ: ನಿಮ್ಮ ಮನೆಕೆಲಸದವರಿಗೆ, ಡ್ರೈವರಿಗೆ, ಸಭೆಯ ಕಾವಲುಗಾರನಿಗೆ ಸಂಬಳ ಯಾವ ತಾರೀಖಿಗೆ ಹೋಗುತ್ತದೆ? ನಿಮ್ಮ ಸಂಬಳ 1ನೇ ತಾರೀಖಿಗೆ ಬಂದು ಅವರದು 9ಕ್ಕೆ ಹೋದರೆ ಆ ಎಂಟು ದಿನ ಅವರ ದುಡ್ಡು ನಿಮ್ಮ ಖಾತೆಯಲ್ಲಿ ಕೂತಿದೆ. ಸಭೆಯ ಕಾವಲುಗಾರನಿಗೆ ವೇಳೆಗೆ ಸಂಬಳ ಕೊಡದೆ ಗೋಪುರಕ್ಕೆ ದೀಪದ ಸರ ಹಾಕಿಸುವ ಕಮಿಟಿಗಳಿಗೂ ಇದೇ ಪ್ರಶ್ನೆ. ಸಾಲ ಇದ್ದಾಗ ಕಾಣಿಕೆ ಕೊಡಬೇಕೋ ಎಂದು ಕೇಳಿದ್ದಿರಿ. ಕೂಲಿ ಬಾಕಿ ಇದ್ದರೆ ಅದು ಮೊದಲು. ಅದು ನಿಮ್ಮ ದುಡ್ಡೇ ಅಲ್ಲ. ಉಳಿದ ಸಾಲದ ಕಂತು ತಪ್ಪಿಸಿ ಕಾಣಿಕೆ ತಟ್ಟೆಗೆ ಹಾಕುವುದೂ ಬೇಡ. ಕಂತು ಕಟ್ಟಿ, ಉಳಿದದ್ದರಲ್ಲಿ ಸಣ್ಣ ಮೊತ್ತವಾದರೂ ತಪ್ಪದೆ ಕೊಡಿ. ಒಡವೆ ಅಡ ಇಟ್ಟು ಹರಕೆ ತೀರಿಸುವುದನ್ನಂತೂ ಯಾವ ವಾಕ್ಯವೂ ಕೇಳುವುದಿಲ್ಲ. 2 ಕೊರಿಂಥ 8:12 ಇದ್ದುದರ ಪ್ರಕಾರ ಎನ್ನುತ್ತದೆ, ಇಲ್ಲದ್ದರ ಪ್ರಕಾರ ಅಲ್ಲ.

ಲೆಕ್ಕದ ಪುಸ್ತಕ
ನನ್ನ ಅಭಿಪ್ರಾಯದಲ್ಲಿ ಎರಡನೇ ಭಾನುವಾರ ಇಡೀ ತರಗತಿ ಕಾಣಿಕೆ ಎಣಿಕೆಯ ಮೇಲೆಯೇ ಇರಲಿ. ಹಣದಾಸೆ ಮನಸ್ಸಿನ ರೋಗ ಸರಿ, ಆದರೆ ಅದು ಒಳಗೆ ಬರುವುದು ಬಾಗಿಲಿಗೆ ಚಿಲಕ ಹಾಕದ ಕಡೆಯಿಂದ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕೈಯಲ್ಲಿ ಹಣದ ಚೀಲ ಇತ್ತು, ಅದರಲ್ಲಿ ಹಾಕಿದ್ದನ್ನು ಅವನು ತೆಗೆದುಕೊಳ್ಳುತ್ತಿದ್ದ ಎಂದು ಯೋಹಾನ 12:6. ಆ ಚೀಲಕ್ಕೆ ಎರಡನೆಯ ಜೋಡಿ ಕಣ್ಣು ಇತ್ತೆಂದು ಸುವಾರ್ತೆ ಎಲ್ಲೂ ಹೇಳುವುದಿಲ್ಲ.

ಸತ್ಯವೇದವೇ ಲೆಕ್ಕದ ಪದ್ಧತಿ ಕೊಟ್ಟಿದೆ, ನಾವು ಓದುವುದಿಲ್ಲ ಅಷ್ಟೆ. 2 ಅರಸುಗಳು 12: ಯೆರೂಸಲೇಮಿನ ದೇವಾಲಯದ ದುರಸ್ತಿಗೆಂದು ಯಾಜಕರು ದುಡ್ಡು ತೆಗೆದುಕೊಳ್ಳುತ್ತಿದ್ದರು, ಅರಸ ಯೋವಾಷನ ಆಳ್ವಿಕೆಯ 23ನೇ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಆಗ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಬಲಗಡೆ ಇಟ್ಟ. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲ ಕಟ್ಟುತ್ತಿದ್ದರು. ಒಬ್ಬ ಅರಮನೆಯವ, ಒಬ್ಬ ಆಲಯದವ. ನೆಹೆಮೀಯ 13:13ರಲ್ಲಿ ಉಗ್ರಾಣಕ್ಕೆ ನಾಲ್ವರು: ಒಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿ (ಆಲಯದ ಸೇವೆಯ ಕುಲದವ), ಜೊತೆಗೊಬ್ಬ ಸಹಾಯಕ. ಪೌಲನಂತೂ ಯೆರೂಸಲೇಮಿನ ಬಡವರ ದುಡ್ಡನ್ನು ಒಬ್ಬನೇ ಒಯ್ಯಲು ಒಪ್ಪಲೇ ಇಲ್ಲ (2 ಕೊರಿಂಥ 8:18ರಿಂದ 21). ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಅವನೇ ಕಾರಣ ಕೊಡುತ್ತಾನೆ.

ಈಗ ನಮ್ಮ ತಟ್ಟೆಗೆ ಬನ್ನಿ. ಆರಾಧನೆ ಮುಗಿದ ಕೂಡಲೇ, ಯಾರೂ ಮನೆಗೆ ಹೋಗುವ ಮೊದಲು, ಸಂಬಂಧಿಕರಲ್ಲದ ಇಬ್ಬರು ಒಂದೇ ಮೇಜಿನ ಮೇಲೆ ಎಣಿಸಬೇಕು. ಗಂಡ ಹೆಂಡತಿ, ಅಪ್ಪ ಮಗ ಜೋಡಿ ಬೇಡ. ಜೋಡಿ ಪ್ರತಿ ತಿಂಗಳು ಬದಲಾಗಲಿ. ಖಜಾಂಚಿ ಎಣಿಸಬಾರದು, ಆತ ಎಣಿಸಿದ್ದನ್ನು ಸಹಿ ಮಾಡಿ ಪಡೆಯಬೇಕು. ಸಭಾಪಾಲಕರು ಎರಡನ್ನೂ ಮಾಡಬಾರದು. ಇದು ಅವರ ಮೇಲಿನ ಅನುಮಾನವಲ್ಲ, ನಾಳೆ ಯಾರಾದರೂ ಮಾತಾಡಿದರೆ ಅವರಿಗೇ ಕಾವಲು.

ಎಣಿಕೆ ಚೀಟಿ ಹೀಗಿರುತ್ತದೆ: 500ರ ನೋಟು 14, 7,000. 200ರದು 9, 1,800. 100ರದು 63, 6,300. 50ರದು 41, 2,050. 20ರದು 38, 760. 10ರದು 112, 1,120. ಚಿಲ್ಲರೆ 347. ಒಟ್ಟು 19,377. ಇಬ್ಬರ ಸಹಿ, ತಾರೀಖು, ಎರಡು ಪ್ರತಿ. ಒಂದು ಖಜಾಂಚಿಗೆ, ಇನ್ನೊಂದು ಕಾರ್ಯದರ್ಶಿಯ ಫೈಲಿಗೆ. ಲಕೋಟೆಯಲ್ಲಿ ಬಂದ ಕಾಣಿಕೆಯ ಮೊತ್ತ ಲಕೋಟೆಯ ಮೇಲೆಯೇ ಬರೆದು, ಲಕೋಟೆಗಳನ್ನು ಆಡಿಟ್ ಮುಗಿಯುವ ತನಕ ಬಿಸಾಡಬಾರದು.

ಎಲ್ಲಿ ಕೆಡುತ್ತದೆ ಗೊತ್ತೇ? ಕಳ್ಳತನದಿಂದ ಅಲ್ಲ, ಅನುಕೂಲದಿಂದ. "ಕರೆಂಟ್ ಬಿಲ್ 3,200 ಕಟ್ಟಬೇಕಿತ್ತು, ತಟ್ಟೆಯಿಂದಲೇ ಕೊಟ್ಟೆವು, ಉಳಿದದ್ದು ಬ್ಯಾಂಕಿಗೆ." ಬ್ಯಾಂಕಿಗೆ 16,177 ಹೋಯಿತು, ಚೀಟಿಯಲ್ಲಿ 19,377 ಇದೆ. ಮೂರು ತಿಂಗಳ ನಂತರ ಆ ಬಿಲ್ಲೂ ಇಲ್ಲ, ನೆನಪೂ ಇಲ್ಲ. ಎಣಿಸಿದ ಮೊತ್ತ ಒಂದು ರೂಪಾಯಿ ಮುರಿಯದೆ ಸೋಮವಾರ ಬ್ಯಾಂಕಿಗೆ ಹೋಗಬೇಕು, ಖರ್ಚು ಚೆಕ್ಕಿನಲ್ಲಿ ಬರಬೇಕು. ಸಣ್ಣ ಖರ್ಚಿಗೆ ಬೇರೆ ಡಬ್ಬಿ: 5,000 ಇಟ್ಟು, ಖಾಲಿಯಾದಷ್ಟು ಬಿಲ್ಲು ತೋರಿಸಿ ಮತ್ತೆ 5,000ಕ್ಕೆ ತುಂಬಿಸುವುದು.

ಎರಡನೆಯದು ಕೈಗಡ. "ಅರ್ಜೆಂಟ್, ಬುಧವಾರ ಇಟ್ಟುಬಿಡ್ತೀನಿ." ಬುಧವಾರ ಇಟ್ಟೂಬಿಡುತ್ತಾನೆ, ಅದೇ ಅಪಾಯ. ಮುಂದಿನ ಸಲ ಹದಿನೈದು ದಿನ. ಖಾಲಿ ಚೆಕ್ಕಿಗೆ ಎರಡನೆಯವರು ಮೊದಲೇ ಸಹಿ ಹಾಕಿಡುವುದು ಮೂರನೆಯದು. ಜಂಟಿ ಸಹಿಯ ಉದ್ದೇಶವೇ ಅಲ್ಲಿಗೆ ಮುಗಿಯಿತು. ನಾಲ್ಕನೆಯದು ಈಚಿನದು: ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ? ಸಭೆಯ ಹೆಸರಿನ ಖಾತೆಗಲ್ಲದೆ ಪಾಸ್ಟರ ಫೋನ್ ನಂಬರಿಗೆ ಹೋಗುತ್ತಿದ್ದರೆ ಇವತ್ತೇ ಕಿತ್ತುಹಾಕಿ. ಒಂದು ರೂಪಾಯಿ ಕಳಿಸಿ ನೋಡಿ, ಪರದೆಯ ಮೇಲೆ ಯಾರ ಹೆಸರು ಬರುತ್ತದೆಂದು ಗೊತ್ತಾಗುತ್ತದೆ.

ಕರಾವಳಿ ಕಥೋಲಿಕ
ಲೆಕ್ಕದ ಪುಸ್ತಕ ಅವರ ಮಾತಿಗೆ ನಮ್ಮ ಕಡೆಯದೂ ಸೇರಿಸುತ್ತೇನೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಬಲಿಪೂಜೆ ಅರ್ಪಿಸಲು ಭಕ್ತರು ಕೊಡುವ ಕಾಣಿಕೆ ಬಗ್ಗೆ ನಿಯಮ 945ರಿಂದ 958ರ ತನಕ ಒಂದು ಅಧ್ಯಾಯವೇ ಇದೆ. 947 ವ್ಯಾಪಾರದ ನೆರಳೂ ಬೀಳಬಾರದು ಎನ್ನುತ್ತದೆ. 951ರ ಪ್ರಕಾರ ಗುರುಗಳು ಒಂದು ದಿನಕ್ಕೆ ಎಷ್ಟೇ ಪೂಜೆ ಅರ್ಪಿಸಿದರೂ ತಮಗೆಂದು ಇಟ್ಟುಕೊಳ್ಳಬಹುದಾದ್ದು ಒಂದರ ಕಾಣಿಕೆ ಮಾತ್ರ, ಕ್ರಿಸ್ಮಸ್ ದಿನ ಬಿಟ್ಟು. 953: ಒಂದು ವರ್ಷದೊಳಗೆ ಅರ್ಪಿಸಲಾಗದಷ್ಟು ಪೂಜೆಗಳ ಕಾಣಿಕೆ ಸ್ವೀಕರಿಸುವಂತಿಲ್ಲ. 958: ಚರ್ಚಿನಲ್ಲಿ ಇದಕ್ಕೇ ಬೇರೆ ಪುಸ್ತಕ, ಅದರಲ್ಲಿ ಎಷ್ಟು ಪೂಜೆ, ಯಾವ ಉದ್ದೇಶ, ಎಷ್ಟು ಕಾಣಿಕೆ, ಅರ್ಪಿಸಿ ಆಯಿತೋ ಇಲ್ಲವೋ ಎಲ್ಲ ದಾಖಲು. ಬಡವರ ಬಗ್ಗೆ 848 ಸ್ಪಷ್ಟ: ದುಡ್ಡಿಲ್ಲವೆಂದು ಯಾರಿಗೂ ದೀಕ್ಷಾಸ್ನಾನ, ವಿವಾಹದಂಥ ಸಂಸ್ಕಾರ ತಪ್ಪಬಾರದು.

ನಿಮ್ಮ ತರಗತಿಗೆ ಬೇಕಾದದ್ದು 1267ರ ಮೂರನೇ ಭಾಗ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು. ನೆರೆ ಪರಿಹಾರಕ್ಕೆ ಎತ್ತಿದ ದುಡ್ಡಿನಲ್ಲಿ ಚರ್ಚಿನ ಹಾಲಿಗೆ ಟೈಲ್ಸ್ ಹಾಕಿಸಿದರೆ ಟೈಲ್ಸ್ ಎಷ್ಟೇ ಚೆನ್ನಾಗಿರಲಿ, ತಪ್ಪು ತಪ್ಪೇ.

ಮಸ್ಕತ್ ಕನ್ನಡಿಗ
ಊರಿನ ಚರ್ಚಿಗೆ ಇಲ್ಲಿಂದ ಕಳಿಸುವುದರ ಬಗ್ಗೆ ಯಾರಾದರೂ ಹೇಳುವಿರಾ? ಅಮೆರಿಕದಲ್ಲಿರುವ ನೆಂಟರೂ ಸೇರಿ ಕೊಡುವುದಾದರೆ?

ಲೆಕ್ಕದ ಪುಸ್ತಕ
ಪಾಸ್‌ಪೋರ್ಟ್ ನೋಡಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡವರು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೂ ವಿದೇಶಿ ಮೂಲವೇ. ಅವರದು ಬರಬೇಕಾದರೆ ಸಭೆಗೆ ವಿದೇಶಿ ದೇಣಿಗೆ ಕಾಯಿದೆಯಡಿ ಎಫ್‌ಸಿಆರ್‌ಎ ನೋಂದಣಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ಖರ್ಚು 20%ಕ್ಕೆ ಮೀರುವಂತಿಲ್ಲ. ಆದ್ದರಿಂದ ಇಬ್ಬರ ದುಡ್ಡನ್ನೂ ಒಟ್ಟುಗೂಡಿಸಿ ನಿಮ್ಮ ಹೆಸರಲ್ಲಿ ಕಳಿಸಬೇಡಿ. ಪ್ರೀತಿಯಿಂದ ಮಾಡಿದ್ದೂ ಸಭೆಯ ಕುತ್ತಿಗೆಗೆ ಬರುತ್ತದೆ.

ಭಾನುವಾರದ ಪಾಠ
ತುಂಬಾ ಉಪಕಾರ. ದಶಮಾಂಶದ ಬಗ್ಗೆ ಯಾರೂ ಬಾಯಿಬಿಡಲಿಲ್ಲವಲ್ಲ! ಜೊತೆಗೆ ಟಿವಿಯಲ್ಲಿ "ಬೀಜದ ಕಾಣಿಕೆ ಬಿತ್ತಿ, ನೂರರಷ್ಟು ಕೊಯ್ಯಿರಿ" ಎನ್ನುವವರ ಬಗ್ಗೆ ಕೇಳಿಯೇ ಕೇಳುತ್ತಾರೆ.

ಬಳ್ಳಾರಿ ಬಿಸಿಲು
ಹತ್ತರಲ್ಲೊಂದು ಎಂಬುದು ಮೋಶೆಯ ನಿಯಮದಲ್ಲಿ ಒಂದಲ್ಲ. ಲೇವಿಯರಿಗೆ ಒಂದು (ಅರಣ್ಯಕಾಂಡ 18), ಅದರಲ್ಲಿ ಹತ್ತನೇ ಪಾಲನ್ನು ಲೇವಿಯರೇ ಯಾಜಕರಿಗೆ ಕೊಡಬೇಕು. ಅಂದರೆ ತೆಗೆದುಕೊಳ್ಳುವವರೂ ಕೊಡುವವರೇ. ಪಾಸ್ಟರುಗಳ ಸಭೆಯಲ್ಲಿ ಈ ವಾಕ್ಯ ಯಾಕೋ ಕಡಿಮೆ ಕೇಳಿಬರುತ್ತದೆ. ಎರಡನೆಯದನ್ನು ಕುಟುಂಬದವರೇ ಯೆರೂಸಲೇಮಿಗೆ ಒಯ್ದು ಹಬ್ಬದಲ್ಲಿ ಊಟ ಮಾಡಬೇಕು (ಧರ್ಮೋಪದೇಶಕಾಂಡ 14:22ರಿಂದ). ಮೂರನೇ ವರ್ಷದ್ದು ಊರಿನಲ್ಲೇ ಲೇವಿ, ಪರದೇಶಿ, ಅನಾಥ, ವಿಧವೆಗೆ. ಯೆಹೂದ್ಯ ಪದ್ಧತಿಯಲ್ಲಿ ಏಳು ವರ್ಷದ ಚಕ್ರ: 1, 2, 4, 5ರಲ್ಲಿ ಹಬ್ಬದ್ದು, 3 ಮತ್ತು 6ರಲ್ಲಿ ಬಡವರದು, 7ರಲ್ಲಿ ಹೊಲಕ್ಕೇ ಬಿಡುವು. 100 ಸೇರು ಜೋಳ ಬೆಳೆದವನು ಮೊದಲು 10 ಕೊಟ್ಟು, ಉಳಿದ 90ರಲ್ಲಿ 9 ತೆಗೆದಿಡುತ್ತಿದ್ದ. ಒಟ್ಟು 19.

ಹಾಗಾಗಿ "ಕಡಿತಕ್ಕೆ ಮುಂಚೆಯೋ ಆಮೇಲೋ" ಎಂಬ ಪ್ರಶ್ನೆಗೆ ಮೋಶೆಯ ಹತ್ತಿರ ಉತ್ತರವಿಲ್ಲ, ಅವನಿಗೆ ಪಿಎಫ್ ಗೊತ್ತಿರಲಿಲ್ಲ. ಸಂಬಳ 30,000 ಇದ್ದು ಕೈಗೆ 26,400 ಬಂದರೆ ವ್ಯತ್ಯಾಸ ತಿಂಗಳಿಗೆ 360 ರೂಪಾಯಿ. ಆ 360ಕ್ಕೆ ಒಂದು ಗಂಟೆ ವಾದ ಮಾಡುತ್ತೇವೆಂದರೆ ರೋಗ ಎಲ್ಲಿದೆಯೆಂದು ಬೇರೆ ಪರೀಕ್ಷೆ ಬೇಡ. ಹೊಸ ಒಡಂಬಡಿಕೆಯಲ್ಲಿ ಕ್ರಮ 1 ಕೊರಿಂಥ 16:2ರದು: ವಾರದ ಮೊದಲನೇ ದಿನ, ಪ್ರತಿಯೊಬ್ಬ, ತನಗೆ ಬಂದದ್ದರ ಪ್ರಕಾರ ತೆಗೆದಿಡುವುದು. ಭಾಷಣ ಕೇಳಿ ಬಿಸಿಯಾದಾಗ ಕೊಡುವುದಲ್ಲ.

ಬೀಜದ ವಿಷಯ. ಮಾರ್ಕ 4ರ ಬಿತ್ತುವವನ ಕಥೆಯಲ್ಲಿ ಬೀಜ ಅಂದರೆ ವಾಕ್ಯ ಎಂದು ಯೇಸುವೇ ಬಿಡಿಸಿ ಹೇಳಿದ್ದಾನೆ. ಅದೇ ಕಥೆಯಲ್ಲಿ ಐಶ್ವರ್ಯದ ಮೋಸ ಮುಳ್ಳಾಗಿ ಬರುತ್ತದೆ. ಬೀಜವನ್ನು ದುಡ್ಡು ಮಾಡಿದವರು ಮುಳ್ಳನ್ನೇ ಬಿತ್ತಲು ಹೇಳಿದಂತಾಯಿತು. ಮಾರ್ಕ 10:30ರ ನೂರರಷ್ಟು ಪಟ್ಟಿಯಲ್ಲಿ ಮನೆ, ಹೊಲಗಳ ಜೊತೆ "ಹಿಂಸೆಗಳೂ" ಇವೆ, ಅದನ್ನು ಪರದೆಯ ಮೇಲೆ ಹಾಕುವುದಿಲ್ಲ. ನೀನು ಎಲ್ಲದರಲ್ಲೂ ಕ್ಷೇಮವಾಗಿರಬೇಕೆಂದು ಹಾರೈಸುವ 3 ಯೋಹಾನ 2ನ್ನು ಸಮೃದ್ಧಿಯ ವಾಗ್ದಾನವೆಂದು ಓದುತ್ತಾರೆ. ಅದು ಆ ಕಾಲದ ಪತ್ರದ ಮೊದಲ ಸಾಲು. ನಾವು "ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ" ಎಂದು ಬರೆಯುತ್ತಿದ್ದೆವಲ್ಲ, ಹಾಗೆ. ಅದರ ಮೇಲೆ ಯಾರೂ ಸಿದ್ಧಾಂತ ಕಟ್ಟುವುದಿಲ್ಲ.

ಸಂಶಯಿ
ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತು? ಯೆರೂಸಲೇಮಿನಲ್ಲಿ ಆ ಹೆಸರಿನ ಸಣ್ಣ ಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮಂಡಿಯೂರಿ ದಾಟುತ್ತಿತ್ತು ಎಂದು ಪ್ರಸಂಗಗಳಲ್ಲಿ ಕೇಳಿದ ನೆನಪು.

ಮೂಲಭಾಷೆ
ಆ ಬಾಗಿಲಿಗೆ ಮೊದಲನೇ ಶತಮಾನದ ಒಂದು ಸಾಕ್ಷ್ಯವೂ ಇಲ್ಲ. ಮಧ್ಯಯುಗದ ವ್ಯಾಖ್ಯಾನಗಳಲ್ಲಿ ಹುಟ್ಟಿದ ಕಥೆ. ಮಾರ್ಕನು ಬಟ್ಟೆ ಹೊಲಿಯುವ ಸೂಜಿಯ ಪದ ಬಳಸಿದರೆ ಲೂಕನು ವೈದ್ಯರ ಬರಹಗಳಲ್ಲೂ ಕಾಣುವ ಇನ್ನೊಂದು ಪದ ಬಳಸುತ್ತಾನೆ. ಎರಡೂ ಸೂಜಿಯೇ. ಯೆಹೂದ್ಯರ ಧರ್ಮಗ್ರಂಥವಾದ ತಲ್ಮೂದಿನಲ್ಲಿ ಸೂಜಿಕಣ್ಣಿನಲ್ಲಿ ಆನೆ ನುಗ್ಗಿಸುವ ಮಾತೇ ಇದೆ, ಅಸಾಧ್ಯ ಎನ್ನಲು. ಬಾಗಿಲಿನ ಕಥೆ ಹೇಳಿದರೆ ಶ್ರೀಮಂತ ಸ್ವಲ್ಪ ಬಗ್ಗಿದರೆ ಸಾಕು ಎಂದಾಗುತ್ತದೆ. ಶಿಷ್ಯರು "ಹಾಗಾದರೆ ಯಾರಿಗೆ ರಕ್ಷಣೆ?" ಎಂದು ಬೆಚ್ಚಿಬೀಳುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಕಣ್ಣಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಮತ್ತಾಯ 6:22, 23ರಲ್ಲಿ "ಕಣ್ಣು ಕೆಟ್ಟದ್ದಾಗಿದ್ದರೆ" ಎಂದು ಓದಿದಾಗ ನಮ್ಮವರಿಗೆ ತಟ್ಟನೆ ನೆನಪಾಗುವುದು ದೃಷ್ಟಿ, ಮೆಣಸಿನಕಾಯಿ, ಉಪ್ಪು. ಇಬ್ರಿಯ ನುಡಿಗಟ್ಟಿನಲ್ಲಿ ಕೆಟ್ಟ ಕಣ್ಣು ಅಂದರೆ ಜಿಪುಣತನ. ಧರ್ಮೋಪದೇಶಕಾಂಡ 15:9, ಜ್ಞಾನೋಕ್ತಿ 28:22 ತೆಗೆದು ನೋಡಿ. ಮತ್ತಾಯ 20:15ರಲ್ಲಿ ತೋಟದ ಯಜಮಾನ ಕೇಳುವುದೂ ಅದನ್ನೇ. ಹಿಂದಿನ ವಚನ ಗಂಟಿನ ಬಗ್ಗೆ, ಮುಂದಿನದು ಇಬ್ಬರು ಯಜಮಾನರ ಬಗ್ಗೆ. ನಡುವೆ ಇದೊಂದು ಮಾತ್ರ ಕಣ್ಣಿನ ಆರೋಗ್ಯದ ಪಾಠವಾಗಲು ಹೇಗೆ ಸಾಧ್ಯ?

ಮಲೆನಾಡ ಮಳೆ
ಕೂಡಿಡುವುದು ಪಾಪವೇ ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ. 399ರಲ್ಲಿ ತೀರಿಕೊಂಡ ಈಜಿಪ್ಟಿನ ಸನ್ಯಾಸಿ ಎವಾಗ್ರಿಯಸ್ ಹಣದಾಸೆ ಕಿವಿಯಲ್ಲಿ ಏನು ಹೇಳುತ್ತದೆಂದು ಪಟ್ಟಿ ಮಾಡಿದ್ದಾನೆ: ಮುಪ್ಪು ದೀರ್ಘ, ಕೈಯಲ್ಲಿ ದುಡಿಯಲಾಗುವುದಿಲ್ಲ, ಬರ ಬರಬಹುದು, ಕಾಯಿಲೆ ಬರಬಹುದು, ಬಡತನ ಕಹಿ, ಇನ್ನೊಬ್ಬರ ಮುಂದೆ ಕೈಚಾಚುವುದು ನಾಚಿಕೆ. ಇದರಲ್ಲಿ ಬಂಗಲೆ, ಕಾರು ಎಲ್ಲಿದೆ? ಎಲ್ಲವೂ ಭಯ, ಎಲ್ಲವೂ ನ್ಯಾಯವಾದ ಭಯ. ಇನ್ಶೂರೆನ್ಸ್ ಏಜೆಂಟರ ಮಾತಿನ ಹಾಗೇ ಇದೆ. ಅದಕ್ಕೇ ಅದು ಆಸೆಯೆಂದು ಗೊತ್ತಾಗುವುದಿಲ್ಲ, ಜವಾಬ್ದಾರಿಯ ವೇಷದಲ್ಲಿ ಬರುತ್ತದೆ.

ನನ್ನ ಲೆಕ್ಕದಲ್ಲಿ ಕೂಡಿಡುವುದಕ್ಕೆ ಅಂಕಿ ಇದ್ದರೆ ಅದು ಜವಾಬ್ದಾರಿ. ಆರು ತಿಂಗಳ ಮನೆಖರ್ಚು, ಮಕ್ಕಳ ಫೀಸು, ಆಸ್ಪತ್ರೆಗೆ ಇಷ್ಟು ಎಂದು ಬರೆದಿಡಿ. ಅಂಕಿ ಮುಟ್ಟಿದ ದಿನ "ಇನ್ನೊಂದಿಷ್ಟು" ಎಂದು ಗೆರೆ ಸರಿದರೆ ಅಲ್ಲಿ ಎಚ್ಚರ. ಲೂಕ 12ರ ರೈತ ಬೆಳೆದದ್ದಕ್ಕೆ ಬೈಸಿಕೊಳ್ಳಲಿಲ್ಲ, ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟಾಗ ಬೈಸಿಕೊಂಡ.

ಗೆರೆ ಸರಿಯದಂತೆ ಹಿಡಿಯುವುದು ಹೇಗೆಂದು ಮೆಥಡಿಸ್ಟ್ ಪಂಥ ಆರಂಭಿಸಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಒಂದು ಪ್ರಸಂಗದಲ್ಲಿ ಅಂಕಿ ಸಮೇತ ಹೇಳುತ್ತಾನೆ. ಆಕ್ಸ್‌ಫರ್ಡಿನ ಮೆಥಡಿಸ್ಟನೊಬ್ಬನಿಗೆ ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಮೈಸೂರು ಸೀಮೆಯ ಹಳೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಾದ ಸಿಎಸ್‌ಐ ಸೇರಿದವು, ಹಾಗಾಗಿ ಇದು ಅಲ್ಲಿನವರಿಗೆ ಹೊರಗಿನ ಮಾತೇನಲ್ಲ. ಈಗಿನ ಬೆಲೆಯೇರಿಕೆಯಲ್ಲಿ 28ಕ್ಕೇ ನಿಲ್ಲಲು ಆಗದು, ಸರಿ. ಸಂಬಳ ಹೆಚ್ಚಾದಾಗ ಹೆಚ್ಚಾದದ್ದರಲ್ಲಿ ಅರ್ಧ ಖರ್ಚಿಗೆ, ಅರ್ಧ ಕೊಡಲು ಎಂದು ಇಟ್ಟುಕೊಳ್ಳಬಹುದು. ಹೆಚ್ಚಳದ ಪತ್ರ ಕೈಗೆ ಬಂದ ವಾರವೇ ಬ್ಯಾಂಕಿನಲ್ಲಿ ತಿಂಗಳ ವರ್ಗಾವಣೆಯ ಮೊತ್ತ ಬದಲಿಸಿ. ಮೂರು ತಿಂಗಳು ತಡೆದರೆ ಆ ದುಡ್ಡು ಆಗಲೇ ಇಎಂಐ ಆಗಿರುತ್ತದೆ.

ಬಳ್ಳಾರಿ ಬಿಸಿಲು
ಮೂರನೇ ಭಾನುವಾರಕ್ಕೆ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜು ಎತ್ತಿಕೊಳ್ಳಿ ಪಾಠದವರೇ. ಒಂದು ತೆಂಗಿನಕಾಯಿ 6,000ಕ್ಕೆ ಕೂಗಿ ಚಪ್ಪಾಳೆ ಹೊಡೆಸಿಕೊಂಡವರ ಹೆಸರು ಮುಂದಿನ ಸುಗ್ಗಿ ಬಂದರೂ ಬಾಕಿ ಪಟ್ಟಿಯಲ್ಲೇ ಇರುತ್ತದೆ. ಅಪೊಸ್ತಲರ ಕೃತ್ಯ 5 ಓದಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಹೊಲ ಮಾರಿದ ದುಡ್ಡಿನಲ್ಲಿ ಸ್ವಲ್ಪ ಬಚ್ಚಿಟ್ಟು ಉಳಿದದ್ದನ್ನು ಅಪೊಸ್ತಲರಿಗೆ ತಂದುಕೊಟ್ಟ ಅನನೀಯನ ತಪ್ಪು ಒಂದು ಭಾಗ ಇಟ್ಟುಕೊಂಡದ್ದಲ್ಲ. ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ಪೇತ್ರನೇ ಕೇಳುತ್ತಾನೆ. ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟವನ ಹಾಗೆ ಕಾಣಲು ಹೊರಟದ್ದು ತಪ್ಪು.

ಭಾನುವಾರದ ಪಾಠ
ಅಯ್ಯೋ, ಅದು ಸೂಕ್ಷ್ಮ ವಿಷಯ. ಬಾಕಿ ಪಟ್ಟಿಯನ್ನು ವೇದಿಕೆಯಿಂದ ಓದಬೇಕೆಂದು ಕಮಿಟಿಯಲ್ಲಿ ಕೆಲವರ ಒತ್ತಾಯವೂ ಇದೆ.

ಲೆಕ್ಕದ ಪುಸ್ತಕ
ಓದಬೇಡಿ. ಸೋತ ಮನೆಯೂ ಆ ಪಟ್ಟಿಯಲ್ಲಿ ಇರಬಹುದು, ಪೈಪೋಟಿಗೆ ಬಿದ್ದು ಕೂಗಿದ್ದಿರಬಹುದು. ನಿಯಮ ಬದಲಿಸಿ. ಕೂಗಿದ ದುಡ್ಡು ಅವತ್ತೇ ಮೇಜಿನ ಮೇಲೆ, ಇಲ್ಲವೇ ಸಭೆಯ ಖಾತೆಗೆ. ಬರುವ ತನಕ ಕೋಳಿಯೂ ಹಲಸೂ ಅಲ್ಲೇ. ಕೂಗಿದ ಮೊತ್ತ, ರಸೀದಿ ನಂಬರ್ ಎರಡೂ ಒಂದೇ ಸಾಲಿನಲ್ಲಿ ಬರೆಯಿರಿ. ಗೆದ್ದ ವಸ್ತುವನ್ನು ಮತ್ತೆ ಹರಾಜಿಗೆ ಬಿಡುತ್ತೇನೆ ಎನ್ನುವವರು ಮೊದಲನೆಯದರ ದುಡ್ಡು ಕೊಟ್ಟ ಮೇಲೆ ಬಿಡಲಿ. ಹಳೆಯ ಬಾಕಿಗೆ ಇಬ್ಬರು ಹಿರಿಯರು ಮನೆಗೆ ಹೋಗಿ ಕೇಳಲಿ, ಆಗದವರದ್ದನ್ನು ಕಮಿಟಿಯ ನಡಾವಳಿಯಲ್ಲಿ ಬರೆದು ಮನ್ನಾ ಮಾಡಿ.

ಸಂಶಯಿ
ಮತ್ತೆ ಕೂಗಿದವರಿಂದ ದುಡ್ಡು ಬಾರದ ಆ ತೆಂಗಿನಕಾಯಿ?

ಲೆಕ್ಕದ ಪುಸ್ತಕ
ಹರಾಜಾಗದೆ ಉಳಿದದ್ದರ ಜೊತೆ ಅವತ್ತೇ ಅಂಗಡಿ ಬೆಲೆಗೆ ಕೊಡಿ. 30ಕ್ಕೋ 40ಕ್ಕೋ ಹೋಗಲಿ, ರಸೀದಿ ಮಾತ್ರ ಹರಿಯಿರಿ.